ತಿಲಾವಾ ನೌಕೆಯ ಕಡೆಯ ಯಾನ

1942ನೆಯ ಇಸವಿಯ ನವೆಂಬರ್ 20ರಂದು ‘ತಿಲಾವಾ’ ಎಂಬ ಉಗಿಹಡಗು ಮುಂಬಯಿ ಬಂದರನ್ನು ಬಿಟ್ಟು ಆಫ್ರಿಕದತ್ತ ಹೊರಟಿತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿಗೆ ಸೇರಿದ ಆ ನೌಕೆಯಲ್ಲಿ ನಾವಿಕರೂ ಸೇರಿ 958 ಜನರಿದ್ದರು. ಪ್ರಯಾಣಿಕರಲ್ಲಿ ಬಹುಮಂದಿ ಭಾರತೀಯರು. ಆಫ್ರಿಕದಲ್ಲಿ ಬದುಕು ಕಟ್ಟಿಕೊಂಡವರು ಹಲವರು, ಅವರ ಮಡದಿ ಮಕ್ಕಳು ಹಲವರು. ಹಡಗಿನ ಒಡಲಲ್ಲಿ ದಕ್ಷಿಣ ಆಫ್ರಿಕದ ಟಂಕಸಾಲೆಗೆ ಒಯ್ಯುತ್ತಿದ್ದ ಎರಡು ಸಾವಿರಕ್ಕೂ ಮಿಕ್ಕ ಬೆಳ್ಳಿಯ ಗಟ್ಟಿಗಳೂ ಇದ್ದವು.

ಅದು ಎರಡನೆಯ ಮಹಾಯುದ್ಧದ ಕಾಲ. ಹಿಂದೂ ಮಹಾಸಾಗರದಲ್ಲಿ ಜಪಾನಿನ ಜಲಾಂತರ್ಗಾಮಿಗಳು ಹೊಂಚು ಹಾಕಿದ್ದವು. ಜಲಾಂತರ್ಗಾಮಿಯ ಬಲವಿರುವುದು ವೇಗದಲ್ಲಲ್ಲ, ಮರೆಯಲ್ಲಿ. ಅದು ಬಿಡುವ ಟಾರ್ಪೆಡೊ ನೀರಿನೊಳಗೇ ತಾನಾಗಿ ಚಲಿಸಿ, ಹಡಗಿನ ತಳಭಾಗಕ್ಕೆ ತಾಗಿ ಸಿಡಿಯುತ್ತದೆ. ಬಿರುಕಿನಿಂದ ನೀರು ನುಗ್ಗುತ್ತದೆ. ಈ ಭಯದಿಂದಲೇ ಆ ಕಾಲದ ವ್ಯಾಪಾರಿ ಹಡಗುಗಳು ಸಾಧ್ಯವಾದಾಗಲೆಲ್ಲ ಯುದ್ಧನೌಕೆಗಳ ಬೆಂಗಾವಲಿನಲ್ಲಿ ಗುಂಪಾಗಿ ಸಾಗುತ್ತಿದ್ದವು. ತಿಲಾವಾ ಒಂಟಿಯಾಗಿತ್ತು.

ನವೆಂಬರ್ 23ರ ನಸುಕಿಗೆ ಮುಂಚೆ, ಎಲ್ಲರೂ ನಿದ್ರೆಯಲ್ಲಿದ್ದಾಗ, ‘ಐ-29’ ಎಂಬ ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಹಡಗು ಒಡನೆಯೇ ಮುಳುಗಲಿಲ್ಲ. ಆದರೆ ಕತ್ತಲೆಯಲ್ಲಿ ಜನರು ದಿಕ್ಕುಗೆಟ್ಟು ಜೀವರಕ್ಷಕ ದೋಣಿಗಳಿಗೆ ಮುಗಿಬಿದ್ದರು. ಆ ನೂಕುನುಗ್ಗಲಿನಲ್ಲೇ ಹಲವರು ಪ್ರಾಣ ಕಳೆದುಕೊಂಡರು. ಅಪಾಯದ ಸಂದೇಶವೇನೋ ರೇಡಿಯೋ ಮೂಲಕ ಹೊರಟಿತ್ತು. ನೆರವು ಬರುವ ಮೊದಲೇ ಎರಡನೆಯ ಟಾರ್ಪೆಡೊ ಬಂದು ತಿಲಾವಾವನ್ನು ಕಡಲಿನ ಪಾಲು ಮಾಡಿತು.

ದೋಣಿಗಳಲ್ಲಿ, ತೆಪ್ಪಗಳಲ್ಲಿ ಉಳಿದವರು ಎರಡು ದಿನ ತೇಲಿದರು. ‘ಬರ್ಮಿಂಗ್‌ಹ್ಯಾಮ್’ ಎಂಬ ಬ್ರಿಟಿಷ್ ಯುದ್ಧನೌಕೆ ಅವರಲ್ಲಿ ಬಹುತೇಕ ಎಲ್ಲರನ್ನೂ ಮೇಲೆತ್ತಿತು. ಬದುಕಿದವರು ಒಟ್ಟು 678 ಮಂದಿ; 280 ಮಂದಿ ಮರಳಲಿಲ್ಲ.

ಇದೇ ಐ-29 ಮರುವರ್ಷದ ಏಪ್ರಿಲಿನಲ್ಲಿ, ಮಡಗಾಸ್ಕರ್ ಬಳಿಯ ಕಡಲಿನಲ್ಲಿ, ಜರ್ಮನಿಯ ಜಲಾಂತರ್ಗಾಮಿಯಿಂದ ನೇತಾಜಿ ಸುಭಾಷಚಂದ್ರ ಬೋಸರನ್ನು ಹತ್ತಿಸಿಕೊಂಡಿತೆಂಬುದು ಓದುಗರಿಗೆ ಸೋಜಿಗವೆನಿಸಬಹುದು. ಚರಿತ್ರೆಯಲ್ಲಿ ಒಂದೇ ವಾಹನ ಎಂತೆಂಥ ಕೆಲಸಗಳಿಗೆ ಒದಗುತ್ತದೆ! ಅದೂ 1944ರಲ್ಲಿ ಅಮೆರಿಕದ ಜಲಾಂತರ್ಗಾಮಿಯ ಟಾರ್ಪೆಡೊಗಳಿಗೆ ಬಲಿಯಾಯಿತು.

ಬೆಳ್ಳಿಯ ಕಥೆ ಬೇರೆಯೇ ಆಯಿತು. ಸುಮಾರು ಎರಡೂವರೆ ಕಿಲೋಮೀಟರ್ ಆಳದಿಂದ 2017ರಲ್ಲಿ 2,364 ಗಟ್ಟಿಗಳನ್ನು ಮೇಲೆತ್ತಲಾಯಿತು. ಅದರ ವ್ಯಾಜ್ಯವು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2024ರಲ್ಲಿ ದಕ್ಷಿಣ ಆಫ್ರಿಕದ ಪರವಾಗಿ ತೀರ್ಪಾಯಿತು. ಮಡಿದವರ ನೆನಪು ಮಾತ್ರ ದೀರ್ಘಕಾಲ ಅವರವರ ಮನೆಗಳಲ್ಲಿಯೇ ಉಳಿಯಿತು. ಎಂಬತ್ತು ವರ್ಷಗಳ ಮೇಲೆ, 2022ರ ನವೆಂಬರ್ 23ರಂದು, ಅವರ ವಂಶದವರು ಹಡಗು ಹೊರಟಿದ್ದ ಮುಂಬಯಿಯಲ್ಲಿಯೇ ಒಂದೆಡೆ ಸೇರಿದರು.