ಡಾಕ್ಟರ ಗಾಡಿಗೆ ನಿಮ್ಮ ಕೊಟ್ಟಿಗೆಯ ದಾರಿ ತಿಳಿಸಿ



ಹಸುವಿಗೆ ಹೊಟ್ಟೆ ಉಬ್ಬರವಾಗಿದೆ ಎಂದು ನೀವು 1962ಕ್ಕೆ ಕರೆ ಮಾಡುತ್ತೀರಿ. ವಾಹನ ಊರಿನವರೆಗೆ ಬರುತ್ತದೆ. ಆಮೇಲೆ ನಿಮ್ಮ ತೋಟದ ಮನೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಉಬ್ಬರ ಜೋರಾದರೆ ಹಸು ಉಸಿರು ಕಟ್ಟಿ ಸಾಯಬಹುದು. ಆ ಹೊತ್ತನ್ನು ನಿಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನ್ ಉಳಿಸಬಲ್ಲದು.

ಇದು ಹೇಗೆ ಕೆಲಸ ಮಾಡುತ್ತದೆ?

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿವೆ. ನಮ್ಮ ದೇಶದ್ದೇ ಆದ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಇಸ್ರೋ 2013ರಲ್ಲಿ ಹಾರಿಸಿತು. ಅದರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆ, ಈಗ ಸಮಯವೆಷ್ಟು ಎಂದು ರೇಡಿಯೊ ಸಂಕೇತದಲ್ಲಿ ಹೇಳುತ್ತಲೇ ಇರುತ್ತದೆ. ಸಂಕೇತ ಬಂದು ತಲುಪಲು ಹಿಡಿದ ಸಮಯದಿಂದ ಫೋನ್ ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನೀವು ನಿಂತ ಜಾಗ ಗೊತ್ತಾಗುತ್ತದೆ. ಉಪಗ್ರಹ ನಿಮ್ಮನ್ನು ನೋಡುವುದಿಲ್ಲ. ರೇಡಿಯೊದಲ್ಲಿ ವಾರ್ತೆ ಕೇಳಿದಂತೆ ಫೋನ್ ಕೇಳಿಸಿಕೊಳ್ಳುತ್ತದೆ, ಅಷ್ಟೆ. ಹಾಗಾಗಿ ಜಾಗ ತಿಳಿಯಲು ನೆಟ್‌ವರ್ಕ್ ಬೇಕೆಂದಿಲ್ಲ. ಅದನ್ನು ಇನ್ನೊಬ್ಬರಿಗೆ ಕಳಿಸಲು ಬೇಕು.

ರಿಸೀವರ್‌ಗಳಲ್ಲಿ ಎಷ್ಟು ಬಗೆ?

• ಮೊಬೈಲ್: ಬಯಲಿನಲ್ಲಿ ಸುಮಾರು 5 ಮೀಟರ್ ಆಚೀಚೆ ಜಾಗ ತೋರಿಸುತ್ತದೆ. ನಮ್ಮ ಕೆಲಸಕ್ಕೆ ಇಷ್ಟು ಸಾಕು.
• ವಾಹನದ ಟ್ರ್ಯಾಕರ್: ಟ್ಯಾಂಕರ್, ಲಾರಿಗಳಲ್ಲಿರುತ್ತದೆ. ಒಳಗಿನ ಸಿಮ್ ಮೂಲಕ ಗಾಡಿ ಎಲ್ಲಿದೆ ಎಂದು ತಿಳಿಸುತ್ತದೆ.
• ರೋವರ್: ಜಮೀನು ಅಳೆಯುವ ಸರ್ವೆಯವರು ಬಳಸುತ್ತಾರೆ. ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ.
• ಕೊರಳಪಟ್ಟಿ: ಮೇಯಲು ಬಿಟ್ಟ ದನ ಎಲ್ಲಿದೆ ಎಂದು ತೋರಿಸುತ್ತದೆ. ಇದಕ್ಕೆ ಬ್ಯಾಟರಿ ಬೇಕು.

ಕಿವಿಯೋಲೆಯಲ್ಲಿ ಜಿಪಿಎಸ್ ಇಲ್ಲ

ಹಸುವಿನ ಕಿವಿಗೆ ಹಾಕುವ 12 ಅಂಕಿಯ ಹಳದಿ ಓಲೆ ಗುರುತಿನ ಸಂಖ್ಯೆ ಮಾತ್ರ. ಹಸು ಕಳೆದುಹೋದರೆ ಅದು ಎಲ್ಲಿದೆ ಎಂದು ಓಲೆ ಹೇಳುವುದಿಲ್ಲ. ಸಿಕ್ಕ ಹಸು ನಿಮ್ಮದೇ ಎಂದು ತೋರಿಸಲು ಆ ಸಂಖ್ಯೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಕರೆ ಮಾಡಿದಾಗ ಹೀಗೆ ಮಾಡಿ

1. ಬರುವ ಡಾಕ್ಟರ್ ಅಥವಾ ಚಾಲಕರ ಮೊಬೈಲ್ ನಂಬರ್ ಕೇಳಿ.
2. ತಗಡಿನ ಸೂರಿನ ಕೆಳಗೆ ಸಂಕೇತ ಸರಿಯಾಗಿ ಸಿಗದು. ಅಂಗಳಕ್ಕೆ ಬಂದು ನಿಲ್ಲಿ.
3. ಫೋನಿನಲ್ಲಿ ಲೊಕೇಶನ್ ಆನ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಎಷ್ಟು ಮೀಟರ್ ನಿಖರ ಎಂದು ಕಾಣುತ್ತದೆ. ನೂರಾರು ಮೀಟರ್ ಇದ್ದರೆ ಅರ್ಧ ನಿಮಿಷ ಕಾದು, ಅದು ಇಳಿದ ಮೇಲೆ ಕಳಿಸಿ.
4. ಮನೆಯ ಹತ್ತಿರ ನೆಟ್‌ವರ್ಕ್ ಇಲ್ಲದಿದ್ದರೆ ಡೇರಿಯ ಮುಂದೆ ಒಬ್ಬರನ್ನು ನಿಲ್ಲಿಸಿ.

ಹಸು ಒದ್ದಾಡುತ್ತಿರುವಾಗ ಇದನ್ನೆಲ್ಲ ಕಲಿಯಲು ಆಗುವುದಿಲ್ಲ. ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ನಿಮ್ಮ ಕೊಟ್ಟಿಗೆಯ ಲೊಕೇಶನ್ ಅನ್ನು ಮಗಳಿಗೋ ಸೊಸೆಗೋ ಒಮ್ಮೆ ಕಳಿಸಿ ನೋಡಿ.

– ಪಶು ವೈದ್ಯಾಧಿಕಾರಿ