ಮಾಜಿ ಸೈನಿಕರ ಚಿಕಿತ್ಸೆ: ಕಾರ್ಡು ಟ್ರಂಕಿನಲ್ಲಿದ್ದರೆ ಸಾಲದು

ನಮ್ಮ ದಾದಾ ಸೇನೆಯಲ್ಲಿ ಹವಲ್ದಾರ್ ಆಗಿದ್ದು 1994ರಲ್ಲಿ ನಿವೃತ್ತರಾದವರು. ಕಳೆದ ವರ್ಷ ಒಂದು ರಾತ್ರಿ ಅವರಿಗೆ ಎದೆನೋವು ಬಂತು. ಅಬ್ಬಾ ಕಾರು ಮಾಡಿಕೊಂಡು ಹೋಗಿ, ದಾರಿಯಲ್ಲಿ ಮೊದಲು ಸಿಕ್ಕ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಾಹನ ದಯೆಯಿಂದ ದಾದಾ ಉಳಿದರು. ಬಿಲ್ಲು ಕಟ್ಟಲು ಅಮ್ಮಿಯ ಬಳೆ ಗಿರವಿಗೆ ಹೋಯಿತು. ಆರನೇ ದಿನ ಮನೆಗೆ ಬಂದ ಮೇಲೆ ದಾದಾ ಅವರ ಟ್ರಂಕಿನಲ್ಲಿ ಇ.ಸಿ.ಎಚ್.ಎಸ್. ಕಾರ್ಡು ಸಿಕ್ಕಿತು. ಎರಡು ದಿನದೊಳಗೆ ತಿಳಿಸಿದ್ದರೆ ಖರ್ಚಿನಲ್ಲಿ ಒಂದಷ್ಟು ವಾಪಸು ಕೇಳಬಹುದಿತ್ತೆಂದು ನಮಗೆ ಆಮೇಲೆ ಗೊತ್ತಾಯಿತು. ಬೇರೆ ಮನೆಗಳಲ್ಲಿ ಹೀಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇ.ಸಿ.ಎಚ್.ಎಸ್. ಎಂದರೆ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ. ಇದು 2003ರ ಏಪ್ರಿಲ್ 1ರಂದು ಆರಂಭವಾಯಿತು. ಅದಕ್ಕೂ ಮೊದಲು ನಿವೃತ್ತ ಸೈನಿಕರು ಹೆಚ್ಚಾಗಿ ಸೇನಾ ಆಸ್ಪತ್ರೆಗಳನ್ನೇ ನಂಬಬೇಕಿತ್ತು. ಅವು ಇರುವುದು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ. ಈಗ ದೇಶದಲ್ಲಿ ನಾನೂರಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ನಮ್ಮ ಜಿಲ್ಲೆಯದು ತುಮಕೂರಿನಲ್ಲಿದೆ.

ಪಿಂಚಣಿ ಪಡೆಯುವ ಮಾಜಿ ಸೈನಿಕರು ಒಂದು ಸಲ ವಂತಿಗೆ ಕಟ್ಟಿ ಸದಸ್ಯರಾಗುತ್ತಾರೆ. ಅದರ ಮೊತ್ತ ಅವರ ದರ್ಜೆಯ ಮೇಲೆ ನಿಂತಿದೆ. 1996ರ ಜನವರಿ 1ಕ್ಕೆ ಮೊದಲು ನಿವೃತ್ತರಾದವರಿಗೂ ಯುದ್ಧದಲ್ಲಿ ಮಡಿದವರ ಪತ್ನಿಯರಿಗೂ ವಂತಿಗೆ ಇಲ್ಲ. ಕುಟುಂಬ ಪಿಂಚಣಿ ಪಡೆಯುವ ವಿಧವೆಯರು, ಪತಿ ಅಥವಾ ಪತ್ನಿ, ಅವಲಂಬಿತ ಮಕ್ಕಳು ಮತ್ತು ಕಡಿಮೆ ಆದಾಯದ ತಂದೆತಾಯಿಯರೂ ಸೌಲಭ್ಯಕ್ಕೆ ಸೇರುತ್ತಾರೆ.

ಸಾಮಾನ್ಯ ಕಾಯಿಲೆಗೆ ಮೊದಲು ಪಾಲಿಕ್ಲಿನಿಕ್‌ಗೆ ಹೋಗಬೇಕು. ತಪಾಸಣೆ ಮತ್ತು ಔಷಧಿ ಅಲ್ಲೇ ಸಿಗುತ್ತವೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಅಲ್ಲಿನ ವೈದ್ಯರು ಚೀಟಿ ಕೊಟ್ಟು ಸೇನಾ ಆಸ್ಪತ್ರೆಗೆ ಅಥವಾ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಪಟ್ಟಿಯ ಆಸ್ಪತ್ರೆಯಲ್ಲಿ ಕೈಯಿಂದ ಹಣ ಕಟ್ಟಬೇಕಿಲ್ಲ. ತುರ್ತು ಸ್ಥಿತಿಯಲ್ಲಿ ಚೀಟಿ ಇಲ್ಲದೆ ನೇರವಾಗಿ ಹೋಗಬಹುದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಆಮೇಲೆ ಬಿಲ್ಲು ಮತ್ತು ತುರ್ತು ಪ್ರಮಾಣಪತ್ರ ಕೊಟ್ಟು ಹಣ ಕೇಳಬೇಕು. ಬಿಲ್ಲಿನಲ್ಲಿರುವಷ್ಟೂ ಬರುವುದಿಲ್ಲ, ಸರ್ಕಾರ ಗೊತ್ತುಮಾಡಿದ ದರದಷ್ಟು ಬರುತ್ತದೆ. ನಾವು ತಪ್ಪಿದ್ದು ಈ 48 ಗಂಟೆಯಲ್ಲಿ.

ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ದೂರದ ಪ್ರಶ್ನೆಯೂ ಇದೆ. ತುಮಕೂರಿಗೆ ಕೊರಟಗೆರೆ ಹತ್ತಿರ. ಮಧುಗಿರಿಯಿಂದ ನಲವತ್ತು, ಶಿರಾದಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು. ಪಾವಗಡದಿಂದ ಸುಮಾರು ನೂರು. ಎಂಬತ್ತು ದಾಟಿದವರು ಬಿ.ಪಿ. ಮಾತ್ರೆಗಾಗಿ ಬಸ್ಸು ಹತ್ತಿ ಹೋಗಿ ಬರುವಷ್ಟರಲ್ಲಿ ಒಂದು ದಿನ ಕಳೆಯುತ್ತದೆ.

ಅಮೆರಿಕದಲ್ಲಿ ಇದೇ ತೊಂದರೆ ಕಾನೂನಿನವರೆಗೆ ಹೋಯಿತು. ಮಾಜಿ ಯೋಧರು ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದದ್ದು ಬಯಲಾದಾಗ 2014ರಲ್ಲಿ ಒಂದು ಕಾಯಿದೆ ಬಂತು. ಸರ್ಕಾರಿ ಆಸ್ಪತ್ರೆ 40 ಮೈಲಿಗಿಂತ ದೂರವಿದ್ದರೆ, ಅಥವಾ 30 ದಿನಕ್ಕಿಂತ ಹೆಚ್ಚು ಕಾಯಬೇಕಾದರೆ, ಊರಿನ ಖಾಸಗಿ ವೈದ್ಯರ ಬಳಿ ಹೋಗಬಹುದು, ಖರ್ಚು ಸರ್ಕಾರದ್ದು. 2018ರ ಮಿಷನ್ ಕಾಯಿದೆ ಇದನ್ನು ಇನ್ನೂ ಸಡಿಲಿಸಿತು. ಅದರಡಿಯ ನಿಯಮದಂತೆ ಸಾಮಾನ್ಯ ಚಿಕಿತ್ಸೆಗೆ ಸರಾಸರಿ ಅರ್ಧ ಗಂಟೆಗಿಂತ ಹೆಚ್ಚು ಪ್ರಯಾಣವಾದರೂ ಸಾಕು. 40 ಮೈಲಿ ಎಂದರೆ 64 ಕಿಲೋಮೀಟರು. ಆ ಹಳೆಯ ಅಳತೆಯಲ್ಲೇ ನೋಡಿದರೂ ಪಾವಗಡದ ಮಾಜಿ ಸೈನಿಕರಿಗೆ ಪಾವಗಡದಲ್ಲೇ ಚಿಕಿತ್ಸೆ ಸಿಗಬೇಕು.

ನಮ್ಮ ಯೋಜನೆ ಸಂಸತ್ತು ಮಾಡಿದ ಕಾಯಿದೆಯಲ್ಲ. ರಕ್ಷಣಾ ಸಚಿವಾಲಯದ 2002ರ ಡಿಸೆಂಬರ್ 30ರ ಆದೇಶದಿಂದ ಬಂದದ್ದು. ಸೌಲಭ್ಯ ದೊಡ್ಡದೇ, ಆದರೆ ಇಷ್ಟು ದೂರಕ್ಕಿಂತ ಹೆಚ್ಚು ಅಲೆಸಬಾರದು ಎಂಬ ಮಾತಿಗೆ ಕಾನೂನಿನ ಬಲ ಬೇಕು ಎಂದು ನನಗನ್ನಿಸುತ್ತದೆ.

ನಮ್ಮ ತರಗತಿಯಲ್ಲಿ ಅಗ್ನಿವೀರರಾಗಲು ಓಟ ಅಭ್ಯಾಸ ಮಾಡುವವರಿದ್ದಾರೆ. ಅವರು ಇದನ್ನೂ ತಿಳಿದಿರಲಿ. 2022ರಲ್ಲಿ ಬಂದ ಅಗ್ನಿಪಥ್ ಯೋಜನೆಯ ಷರತ್ತಿನಂತೆ, ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಸೇವಾನಿಧಿ ಸಿಗುತ್ತದೆ. ಪಿಂಚಣಿ, ಮಾಜಿ ಸೈನಿಕರ ಸ್ಥಾನ ಮತ್ತು ಈ ಆರೋಗ್ಯ ಯೋಜನೆ ಸಿಗುವುದಿಲ್ಲ. ಖಾಯಂ ಸೇವೆಗೆ ಆಯ್ಕೆಯಾಗುವವರ ಪ್ರಮಾಣ ಶೇ. 25ರವರೆಗೆ ಮಾತ್ರ. ಸೇರಬೇಡಿ ಎನ್ನುತ್ತಿಲ್ಲ, ತಿಳಿದು ಸೇರಿ ಎನ್ನುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಮಾಜಿ ಸೈನಿಕರಿದ್ದರೆ ಈ ಭಾನುವಾರ ಹೋಗಿ ಕೇಳಿ. ಕಾರ್ಡು ಇದೆಯೇ? ಪತ್ನಿಯ ಹೆಸರು ಸೇರಿದೆಯೇ? ಪಟ್ಟಿಯಲ್ಲಿರುವ ಹತ್ತಿರದ ಆಸ್ಪತ್ರೆ ಯಾವುದು? ಪಾಲಿಕ್ಲಿನಿಕ್ ನಂಬರನ್ನು ಅವರ ಫೋನಿಗೂ ನಿಮ್ಮ ಫೋನಿಗೂ ಹಾಕಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಆ ನಂಬರು ಬಾಗಿಲ ಹಿಂದೆ ದೊಡ್ಡ ಅಕ್ಷರದಲ್ಲಿ ಅಂಟಿಸಿದೆ. ಕಾರ್ಡು ದಾದಾ ಅವರ ಜೇಬಿನಲ್ಲಿದೆ.