ಸೆರೆಸಿಕ್ಕ ನಾವಿಕನ ಹೊಣೆ ಯಾರದು?

ಕಾರವಾರದ ಕಡಲಿನಿಂದ ಸೊಮಾಲಿಯಾದವರೆಗೆ ಒತ್ತೆಹಣ ನಡೆದುಬಂದ ದಾರಿ

1712ರ ನವೆಂಬರ್ ಮೊದಲ ವಾರ. ಕರಿಮೆಣಸು ಹೇರಿಕೊಂಡ ‘ಆನ್’ ಎಂಬ ಹಡಗು ಕಾರವಾರದಿಂದ ಮುಂಬಯಿಗೆ ಹೊರಟಿತ್ತು. ಬೆಂಗಾವಲಿಗೆ ಮುಂಬಯಿ ಗವರ್ನರನ ತೋಪು ಹೊತ್ತ ನೌಕೆಯೂ ಇತ್ತು. ಅದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಚೌನ್ ಮತ್ತು ಅವನ ಹೆಂಡತಿ ಕ್ಯಾಥರೀನ್ ಪ್ರಯಾಣಿಸುತ್ತಿದ್ದರು. ದಾರಿಯಲ್ಲಿ ಮರಾಠ ನೌಕಾಪಡೆಯ ಕಾನ್ಹೋಜಿ ಆಂಗ್ರೆಯ ಹಡಗುಗಳು ಅಡ್ಡಗಟ್ಟಿದವು. ಗುಂಡೇಟಿಗೆ ಚೌನ್‌ನ ತೋಳು ಹರಿದುಹೋಯಿತು. ಹೆಂಡತಿಯ ಮಡಿಲಲ್ಲೇ ಜೀವ ಬಿಟ್ಟ. ಎರಡೂ ಹಡಗುಗಳು ಸೆರೆಯಾದವು. ಕ್ಯಾಥರೀನ್ ಅಲಿಬಾಗ್ ಬಳಿಯ ಕೊಲಾಬಾ ಕೋಟೆ ಸೇರಿದಳು.

ಆಕೆಗೆ ಇನ್ನೂ ಹದಿನೆಂಟು ದಾಟಿರಲಿಲ್ಲ. 1709ರಲ್ಲಿ, ಬಂಗಾಳಕ್ಕೆ ಹೋಗಬೇಕಿದ್ದ ಹಡಗು ಎದುರುಗಾಳಿಗೆ ಸಿಕ್ಕಿ ಕಾರವಾರಕ್ಕೆ ಬಂದಾಗ, ಅಲ್ಲಿನ ವಖಾರಿಯ ಮುಖ್ಯಸ್ಥ ಜಾನ್ ಹಾರ್ವೆ ಎಂಬ ವಯಸ್ಸಾದವನಿಗೆ ಈ ಎಳೆಯ ಹುಡುಗಿಯನ್ನು ಮದುವೆ ಮಾಡಿಕೊಟ್ಟು ತಂದೆ-ತಾಯಿ ಮುಂದಕ್ಕೆ ಸಾಗಿದ್ದರು. ಹಾರ್ವೆ ತೀರಿಕೊಂಡ ಮೇಲೆ ಚೌನ್‌ನನ್ನು ವರಿಸಿದ್ದಳು. ಈಗ ಎರಡನೆಯ ಬಾರಿ ವಿಧವೆಯಾಗಿ, ಗೊತ್ತಿಲ್ಲದ ಕೋಟೆಯಲ್ಲಿ ಕೈದಿಯಾಗಿದ್ದಳು. ತಿಂಗಳುಗಟ್ಟಲೆ ಮಾತುಕತೆ ನಡೆದು, 1713ರ ಫೆಬ್ರವರಿಯಲ್ಲಿ ಕಂಪನಿಯ ಕಡೆಯವರು 30,000 ರೂಪಾಯಿ ಎಣಿಸಿಕೊಟ್ಟು ಆಕೆಯನ್ನು ಬಿಡಿಸಿಕೊಂಡರು. ಕರೆತರಲು ಹೋದ ಅಧಿಕಾರಿ ತನ್ನ ಬಟ್ಟೆಯನ್ನೇ ಹೊದಿಸಿ ಮೈಮುಚ್ಚಬೇಕಾದಂಥ ಸ್ಥಿತಿಯಲ್ಲಿ ಆಕೆ ಇದ್ದಳು. ಕರ್ನಲ್ ಜಾನ್ ಬಿಡ್ಡಲ್ಫ್ 1907ರಲ್ಲಿ ಮಲಬಾರಿನ ಕಡಲ್ಗಳ್ಳರ ಬಗ್ಗೆ ಪ್ರಕಟಿಸಿದ ಪುಸ್ತಕ ಆಕೆಯ ಬದುಕನ್ನು ವಿವರವಾಗಿ ಹೇಳುತ್ತದೆ.

ಕ್ಯಾಥರೀನಳ ಹೆಸರು ಉಳಿಯಿತು, ಆಕೆಗೆ ಕಟ್ಟಿದ ಬೆಲೆಯೂ ಉಳಿಯಿತು. ಅದೇ ಹಡಗುಗಳಲ್ಲಿ ಹಗ್ಗ ಎಳೆದು, ಹಾಯಿ ಬಿಚ್ಚಿದ ಖಲಾಸಿಗಳು ಮಾತ್ರ ಈ ಕಥನದಲ್ಲಿ ಹೆಸರಿಲ್ಲದೆ ಉಳಿದಿದ್ದಾರೆ. ಒತ್ತೆಹಣದ ಚರಿತ್ರೆಯುದ್ದಕ್ಕೂ ಕಾಣುವ ಬಿರುಕು ಇದೇ. ಹಿಂದೆ ಯಾರೋ ದೊಡ್ಡವರು ನಿಂತಿದ್ದರೆ ಮನುಷ್ಯನಿಗೆ ಬೆಲೆ ಬರುತ್ತದೆ. ನಿಲ್ಲದಿದ್ದರೆ ಅವನು ಕಡಲಿನ ಪಾಲು. ಈ ಬಿರುಕನ್ನು ಮುಚ್ಚಲು ಬೇರೆ ಬೇರೆ ಕಾಲದ ಜನ ಏನು ಮಾಡಿದರು ಎಂಬುದನ್ನು ಕಡಲಿನಿಂದ ದೂರ ಇರುವ ನಾವೂ ತಿಳಿಯಬೇಕು.

ಸರಕು ಹೋಯಿತು, ಜೀವ ಉಳಿಯಿತು

ಪಶ್ಚಿಮ ಕರಾವಳಿಯಲ್ಲಿ ಕಡಲ್ಗಳ್ಳತನ ಹೊಸದಲ್ಲ. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯೇ ಈ ತೀರದ ಕಳ್ಳರ ಬಗ್ಗೆ ಎಚ್ಚರಿಸಿದ್ದ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ, ಇಲ್ಲಿನ ಕಳ್ಳರು ಹಡಗುಗಳ ಸಾಲು ಕಟ್ಟಿ ಕಾಯುತ್ತಾರೆ, ಸರಕನ್ನೆಲ್ಲ ದೋಚಿ ವರ್ತಕರನ್ನು ಬಿಟ್ಟುಕಳಿಸುತ್ತಾರೆ ಎಂದು ಬರೆದ. ವರ್ತಕ ಬದುಕಿದ್ದರೆ ತಾನೇ ಮತ್ತೊಮ್ಮೆ ಸರಕು ತರುವುದು?

ಮೊರಾಕೊದ ಪ್ರವಾಸಿ ಇಬ್ನ್ ಬತೂತ ಹದಿನಾಲ್ಕನೆಯ ಶತಮಾನದಲ್ಲಿ ಇದನ್ನು ಸ್ವತಃ ಅನುಭವಿಸಿದ. ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಸಣ್ಣ ದ್ವೀಪವೊಂದರ ಹತ್ತಿರ ಹನ್ನೆರಡು ಹಡಗುಗಳು ಅವನ ನೌಕೆಯ ಮೇಲೆ ಬಿದ್ದವು. ಸಿಂಹಳದ ರಾಜ ಕೊಟ್ಟಿದ್ದ ಮುತ್ತು-ರತ್ನ, ಬಟ್ಟೆಬರೆ, ಎಲ್ಲವೂ ಹೋಯಿತು. ಮೈಮೇಲಿನ ಇಜಾರಿನಲ್ಲಿ ದಡಕ್ಕೆ ಇಳಿದ. ಯಾರೂ ಅವನನ್ನು ಒತ್ತೆ ಇಟ್ಟುಕೊಳ್ಳಲಿಲ್ಲ. ಪೋಲೊ, ಬತೂತ ಇಬ್ಬರ ಮಾತಿನಲ್ಲೂ ಕಳ್ಳನ ಕಣ್ಣು ಸರಕಿನ ಮೇಲಿದೆ. ಮನುಷ್ಯನೇ ಸರಕಾಗಬೇಕಾದರೆ ಅವನಿಗಾಗಿ ಹಣ ಹೊಂದಿಸಬಲ್ಲ ಗುಂಪೊಂದು ದಡದಲ್ಲಿ ಇದೆಯೆಂದು ಕಳ್ಳನಿಗೆ ತಿಳಿದಿರಬೇಕು.

ಮೂವರಿಗೆ ನೂರು ದೀನಾರ್

ಮೆಡಿಟರೇನಿಯನ್ ಕಡಲಿನ ಕಳ್ಳರಿಗೆ ಅದು ಹನ್ನೊಂದನೆಯ ಶತಮಾನದಲ್ಲೇ ಗೊತ್ತಿತ್ತು. ಸೆರೆಹಿಡಿದ ಯಹೂದಿ ಪ್ರಯಾಣಿಕರನ್ನು ಅವರು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ತರುತ್ತಿದ್ದರು. ಅಲ್ಲಿನ ಯಹೂದಿ ಸಮುದಾಯ ಹಣ ಕೊಟ್ಟು ಬಿಡಿಸಿಕೊಳ್ಳುತ್ತಿತ್ತು. ದರ ರೂಢಿಯಿಂದ ಗೊತ್ತಾಗಿತ್ತು: ಮೂವರಿಗೆ ನೂರು ದೀನಾರ್, ಅಂದರೆ ತಲೆಗೆ ಮೂವತ್ತಮೂರು ಚಿಲ್ಲರೆ. ಸಾಧಾರಣ ಕುಟುಂಬವೊಂದು ತಿಂಗಳಿಗೆ ಎರಡು ದೀನಾರಿನಲ್ಲಿ ಬದುಕುತ್ತಿದ್ದ ಕಾಲವದು; ಒಬ್ಬನ ಬಿಡುಗಡೆಗೆ ಒಂದು ಮನೆಯ ವರ್ಷ ದಾಟಿದ ಖರ್ಚು ಬೇಕಿತ್ತು. ಅಷ್ಟನ್ನು ಒಬ್ಬರ ಕೈಯಿಂದ ಹೊರಡಿಸಲು ಆಗದು. ಊರೂರಿಗೆ ಪತ್ರ ಹೋಗುತ್ತಿತ್ತು, ಪ್ರಾರ್ಥನಾ ಮಂದಿರಗಳಲ್ಲಿ ವಂತಿಗೆ ಎತ್ತುತ್ತಿದ್ದರು. ಬಿಡಿಸಿದ ಮೇಲೂ ಬಟ್ಟೆ, ಊಟ, ಊರಿಗೆ ಮರಳುವ ಹಡಗಿನ ಬಾಡಿಗೆ ಸಮುದಾಯದ್ದೇ.

ಈ ಪತ್ರಗಳು ಕೈರೋ ಹತ್ತಿರದ ಫುಸ್ತಾತ್‌ನ ಮಂದಿರದ ಗೆನೀಜಾ ಎಂಬ ಕೋಣೆಯಲ್ಲಿ ಉಳಿದಿದ್ದವು. ವಿದ್ವಾಂಸ ಎಸ್.ಡಿ. ಗೊಯಿಟೈನ್ ದಶಕಗಳ ಕಾಲ ಕೂತು ಓದಿದರು. ಅದೇ ಕಾಗದದ ರಾಶಿಯಲ್ಲಿ ನಮ್ಮ ಮಂಗಳೂರೂ ಇದೆ. ಟ್ಯುನೀಸಿಯಾದ ಮಹದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು 1132ರಿಂದ 1149ರ ತನಕ ಹೆಚ್ಚಿನ ಕಾಲ ಮಂಗಳೂರಿನ ಕಡೆಯಲ್ಲಿ ನೆಲೆಸಿ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅವನ ವ್ಯವಹಾರ ನೋಡಿಕೊಂಡು ಏಡನ್‌ವರೆಗೆ ಹೋಗಿಬರುತ್ತಿದ್ದ ತುಳುನಾಡಿನ ಬೊಮ್ಮನ ಬೆನ್ನುಹತ್ತಿ ಅಮಿತಾವ್ ಘೋಷ್ ಒಂದು ಪುಸ್ತಕವನ್ನೇ ಬರೆದರು. ಬೆನ್ ಯಿಜುವಿಗೆ ಏಡನ್‌ನಲ್ಲಿ ಆಸರೆಯಾಗಿದ್ದವನು ಮದ್ಮೂನ್ ಎಂಬ ವರ್ತಕ ಮುಖಂಡ. ಕಡಲನ್ನು ಆಳುತ್ತಿದ್ದವರ ಜೊತೆ ಅವನು ಮೊದಲೇ ಒಪ್ಪಂದ ಮಾಡಿಕೊಳ್ಳುತ್ತಿದ್ದ. ಒತ್ತೆಯಾಗುವ ಮುನ್ನವೇ ರಕ್ಷಣೆ ಕೊಳ್ಳುವ ಜಾಣತನ ಅದು.

ಬೆಲೆಯನ್ನು ಗೊತ್ತುಮಾಡಿದ್ದರ ಹಿಂದೆ ಗಟ್ಟಿ ವಿವೇಚನೆ ಇತ್ತು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯಹೂದಿ ಧರ್ಮಶಾಸ್ತ್ರ ಮಿಶ್ನಾ, ಸೆರೆಯಾಳನ್ನು ಅವನ ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬಾರದು ಎನ್ನುತ್ತದೆ. ಹೆಚ್ಚು ಕೊಟ್ಟರೆ ಕಳ್ಳರಿಗೆ ರುಚಿ ಹತ್ತುತ್ತದೆ, ನಾಳೆ ಇನ್ನೊಬ್ಬನನ್ನು ಹಿಡಿಯುತ್ತಾರೆ. ಆದರೆ ಸೆರೆಯಾಳನ್ನು ಬಿಡಿಸುವುದು ಅದೇ ಧರ್ಮದಲ್ಲಿ ದೊಡ್ಡ ದಾನ. ಒಂದು ದರ, ಎಲ್ಲರಿಗೂ ಅದೇ ದರ, ಕೊಡುವವರು ಎಲ್ಲರೂ. ಈ ಎರಡು ಮಾತುಗಳ ನಡುವೆ ಅವರು ಕಂಡುಕೊಂಡ ದಾರಿ ಇದು.

ಒಳನಾಡಿನ ಎಂಬತ್ತು ಒಕ್ಕಲು

ಅಲೆಕ್ಸಾಂಡ್ರಿಯಾದಲ್ಲಿ ವಂತಿಗೆ ಎತ್ತುತ್ತಿದ್ದ ಅದೇ ಶತಮಾನದಲ್ಲಿ ನಮ್ಮ ರೋಣ-ಗಜೇಂದ್ರಗಡ ಸೀಮೆಯ ಸೂಡಿ, ಕಿಸುಕಾಡು ಎಪ್ಪತ್ತು ಎಂಬ ನಾಡಿನ ರಾಜಧಾನಿಯಾಗಿತ್ತು. ಕಲ್ಯಾಣ ಚಾಲುಕ್ಯರ ಜಯಸಿಂಹನ ಸೋದರಿ ಅಕ್ಕದೇವಿ ಈ ನಾಡನ್ನು ಆಳುತ್ತಿದ್ದಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಧೀರೆ. ಲಕ್ಕುಂಡಿಯಂತೆ ಸೂಡಿಯಲ್ಲೂ ನಾಣ್ಯ ಅಚ್ಚಾಗುತ್ತಿತ್ತು. ಜೋಡುಕಳಸದ ಗುಡಿ, ನಾಗಕುಂಡ ನೋಡಲು ಬರುವವರು ಇದು ಒಂದು ಕಾಲದ ವ್ಯಾಪಾರದ ಊರು ಎಂಬುದನ್ನು ಮರೆಯುತ್ತಾರೆ. ಚೋಳರ ಯುದ್ಧದ ಹೊಡೆತಕ್ಕೆ ಈ ಊರಿನ ವ್ಯಾಪಾರ ಹಾಳಾದಾಗ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅಕ್ಕದೇವಿಯ ಆಡಳಿತ ಹಳೆಯ ಕಟ್ಟುಪಾಡನ್ನು ಮತ್ತೆ ಬರೆದುಕೊಟ್ಟಿತು ಎಂದು ಸೂಡಿಯ ಶಾಸನ ಹೇಳುತ್ತದೆ. ಕಟ್ಟುಪಾಡು ಒಬ್ಬೊಬ್ಬ ಸೆಟ್ಟಿಗಲ್ಲ, ಎಲ್ಲರೂ ಸೇರಿದ ನಗರಕ್ಕೆ. ಒಬ್ಬನ ನಷ್ಟವನ್ನು ಹೊರಲು ಹತ್ತು ಹೆಗಲು ಬೇಕೆಂಬ ತಿಳಿವಳಿಕೆ ಅದರಲ್ಲಿದೆ. ಇಲ್ಲಿಗೆ ಹತ್ತಿರದ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ನೆಲದ ಹಾದಿ, ನೀರಿನ ಹಾದಿ ಎರಡರಲ್ಲೂ ನಡೆದದ್ದು ಇಂಥ ಒಗ್ಗಟ್ಟಿನ ಬಲದ ಮೇಲೆಯೇ.

ಸೆರೆಯಾದವರನ್ನು ಬಿಡಿಸುವ ಹೊಣೆಯೂ ಒಳನಾಡಿಗೆ ಹೊಸತಲ್ಲ. ದನಗಳನ್ನು ಅಟ್ಟಿಸಿಕೊಂಡು ಹೋದಾಗ ನಡೆದ ತುರುಗೋಳ್, ಹೆಣ್ಣುಮಕ್ಕಳ ರಕ್ಷಣೆಗೆ ನಡೆದ ಪೆಣ್ಬುಯ್ಯಲ್ ಕಾಳಗಗಳು ಕನ್ನಡನಾಡಿನ ವೀರಗಲ್ಲುಗಳ ತುಂಬ ಇವೆ. ಸತ್ತವನ ಮನೆಗೆ ನೆತ್ತರುಕೊಡಗೆ ಎಂದು ಭೂಮಿ ಬಿಡುತ್ತಿದ್ದರು. ಕರಾವಳಿಯಲ್ಲಿ ಹಣ ಮಾಡಿದ ಕೆಲಸವನ್ನು ಇಲ್ಲಿ ಕತ್ತಿ ಮಾಡಿತು. ಆಮೇಲಿನ ಭಾರವನ್ನು ಎರಡೂ ಕಡೆ ಊರು ಹೊತ್ತಿತು.

ಹಾದಿಪತ್ರ ಮತ್ತು ಹುಂಡಿ

ಪೋರ್ಚುಗೀಸರು ಬಂದ ಮೇಲೆ ಕಡಲಿಗೆ ಯಜಮಾನರು ಹುಟ್ಟಿಕೊಂಡರು. ಅವರ ಕರ್ತಾಜ್ ಎಂಬ ಹಾದಿಪತ್ರ ಇಲ್ಲದ ಹಡಗು ಅವರ ಪಾಲಿಗೆ ಕೊಳ್ಳೆಯ ಮಾಲು. ಎರಡು ಶತಮಾನ ಕಳೆದು ಮರಾಠರ ಸರಖೇಲ, ಅಂದರೆ ನೌಕಾಪಡೆಯ ಮುಖ್ಯಸ್ಥ ಕಾನ್ಹೋಜಿ ಕೊಂಕಣ ತೀರದಲ್ಲಿ ದಸ್ತಕ ಎಂಬ ತನ್ನದೇ ಹಾದಿಪತ್ರ ಕೊಡತೊಡಗಿದ. ಆಂಗ್ಲರ ಕಾಗದಗಳಲ್ಲಿ ಅವನು ಕಡಲ್ಗಳ್ಳ. ತನ್ನವರಿಗೆ ತನ್ನ ನೀರಿನ ಸುಂಕ ಕೇಳುವ ಅಧಿಕಾರಿ. ಕ್ಯಾಥರೀನ್ ಸಿಕ್ಕಿದ್ದು ಈ ಜಗಳದ ನಡುವೆ. ಆಕೆಯ ಬಿಡುಗಡೆ 1713ರಲ್ಲಿ ಕಂಪನಿಗೂ ಕಾನ್ಹೋಜಿಗೂ ಆದ ಶಾಂತಿ ಒಪ್ಪಂದದ ಜೊತೆಗೇ ಬಂತು. ಕೆಲವು ವರ್ಷಗಳಲ್ಲೇ ಒಪ್ಪಂದ ಮುರಿಯಿತು, ಹಡಗುಗಳ ಬೇಟೆ ಮತ್ತೆ ಶುರುವಾಯಿತು.

ಅತ್ತ ಯುರೋಪಿನಲ್ಲಿ ಉತ್ತರ ಆಫ್ರಿಕದ ಕಳ್ಳರ ಕಾಟಕ್ಕೆ ಬೇರೆ ಪರಿಹಾರ ರೂಪುಗೊಂಡಿತ್ತು. ಸೆರೆಯಾಳುಗಳನ್ನು ಬಿಡಿಸಲೆಂದೇ 1198ರಲ್ಲಿ ಟ್ರಿನಿಟೇರಿಯನ್ ಎಂಬ ಸನ್ಯಾಸಿ ಸಂಘಕ್ಕೆ ಪೋಪ್ ಒಪ್ಪಿಗೆ ಕೊಟ್ಟಿದ್ದ. 1575ರಲ್ಲಿ ಸೆರೆಯಾಗಿ ಐದು ವರ್ಷ ಅಲ್ಜಿಯರ್ಸ್‌ನಲ್ಲಿ ಕೊಳೆತ ಲೇಖಕ ಸರ್ವಾಂಟಿಸ್‌ನನ್ನು ಬಿಡಿಸಿ ತಂದವರು ಇವರೇ. ಆದರೆ ದಾನ ಬಂದಾಗ ಬಿಡುಗಡೆ, ಬಾರದಿದ್ದರೆ ಇಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರ 1624ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಹಡಗು ಹೊರಡುವ ಮುನ್ನವೇ ನಾವಿಕರು, ಮಾಲೀಕರು ವಂತಿಗೆ ತುಂಬುವ ನಿಧಿ ಕಟ್ಟಿತು. ಸೆರೆಯಾದವನನ್ನು ಬಿಡಿಸುವುದು ಅಲ್ಲಿಂದ ಮುಂದೆ ದಯೆಯಲ್ಲ, ಅವನ ಹಕ್ಕು. ಇಂದಿನ ಹಡಗು ವಿಮೆಗಳ ಹಿರಿಯರಲ್ಲಿ ಈ ನಿಧಿಗೆ ದೊಡ್ಡ ಜಾಗವಿದೆ.

ಹಣ ಕೊಟ್ಟರೂ ಬಾರದ ಏಳು ಮಂದಿ

1991ರಲ್ಲಿ ಸೊಮಾಲಿಯಾದ ಸರ್ಕಾರ ಕುಸಿದುಬಿತ್ತು. ಕಾವಲಿಲ್ಲದ ಕಡಲಿಗೆ ಹೊರದೇಶದ ದೋಣಿಗಳು ನುಗ್ಗಿ ಮೀನು ಬಾಚಿದವು. ಮೊದಲು ತಡೆಯಲು ಹೊರಟ ಬಂದೂಕುಗಳು ಬೇಗ ದಂಧೆಗೆ ತಿರುಗಿದವು. 2005ರಿಂದ 2012ರವರೆಗೆ ಕಡಲ್ಗಳ್ಳರ ಕೈಸೇರಿದ ಒತ್ತೆಹಣ 33.9 ಕೋಟಿಯಿಂದ 41.3 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕ್, ವಿಶ್ವಸಂಸ್ಥೆಯ ಮಾದಕವಸ್ತು ಹಾಗೂ ಅಪರಾಧ ಕಚೇರಿ ಮತ್ತು ಇಂಟರ್‌ಪೋಲ್ ಸೇರಿ ಮಾಡಿದ ವರದಿ ಲೆಕ್ಕ ಹಾಕಿತು. ನೋಟಿನ ಕಟ್ಟುಗಳನ್ನು ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಹಡಗಿನ ಬಳಿ ಇಳಿಸುವ ಮಟ್ಟಕ್ಕೆ ವ್ಯವಹಾರ ಬೆಳೆಯಿತು. ಒಳ್ಳೆಯ ಕಂಪನಿ, ಒಳ್ಳೆಯ ವಿಮೆ ಇದ್ದ ಹಡಗು ಬೇಗ ಬಿಡುಗಡೆಯಾಯಿತು. 2008ರ ಸೆಪ್ಟೆಂಬರಿನಲ್ಲಿ ಸೆರೆಯಾದ, ಹದಿನೆಂಟು ಭಾರತೀಯರಿದ್ದ ‘ಸ್ಟೋಲ್ಟ್ ವೇಲರ್’ ಎರಡು ತಿಂಗಳಲ್ಲಿ ಹಿಂದಿರುಗಿತು. ಅಷ್ಟಕ್ಕೂ ಕ್ಯಾಪ್ಟನ್‌ನ ಹೆಂಡತಿ ದೆಹಲಿಯ ಕಚೇರಿಗಳ ಬಾಗಿಲು ಬಾಗಿಲು ತಟ್ಟಬೇಕಾಯಿತು.

‘ಐಸ್‌ಬರ್ಗ್-1’ ಹಡಗಿನವರಿಗೆ ಅಂಥ ಬೆಂಬಲ ಇರಲಿಲ್ಲ. 2010ರ ಮಾರ್ಚ್‌ನಲ್ಲಿ ಸೆರೆಯಾದ ಇಪ್ಪತ್ತನಾಲ್ಕು ಮಂದಿಯಲ್ಲಿ ಆರು ಭಾರತೀಯರು. ಮಾಲೀಕ ಕೈಬಿಟ್ಟ. ಸಾವಿರ ದಿನ ಸಮೀಪಿಸುವ ಹೊತ್ತಿಗೆ, 2012ರ ಡಿಸೆಂಬರಿನಲ್ಲಿ, ಪುಂಟ್‌ಲ್ಯಾಂಡಿನ ಕಡಲ ಪೊಲೀಸರು ದಾಳಿ ಮಾಡಿ ಬದುಕಿದ್ದವರನ್ನು ಬಿಡಿಸಿದರು. ‘ಅಸ್ಫಾಲ್ಟ್ ವೆಂಚರ್’ನ ಹದಿನೈದು ಭಾರತೀಯರ ಕಥೆ ಇನ್ನೂ ಕ್ರೂರ. 2011ರ ಏಪ್ರಿಲ್‌ನಲ್ಲಿ ಹಣ ಸಂದಾಯವಾದ ಮೇಲೆ ಕಳ್ಳರು ಎಂಟು ಮಂದಿಯನ್ನಷ್ಟೇ ಬಿಟ್ಟರು. ಭಾರತೀಯ ನೌಕಾಪಡೆ ಹಿಡಿದಿದ್ದ ತಮ್ಮವರನ್ನು ಬಿಡುವ ತನಕ ಉಳಿದ ಏಳು ಮಂದಿ ತಮ್ಮ ಬಳಿ ಇರುತ್ತಾರೆ ಎಂದರು. ಅವರು ಮನೆ ಕಂಡದ್ದು 2014ರ ಕೊನೆಗೆ.

ಆ ಕತ್ತಲಲ್ಲೂ ಹಳೆಯ ಸಮುದಾಯಧರ್ಮ ಒಮ್ಮೆ ಮಿಂಚಿತು. ‘ಸೂಯೆಜ್’ ಹಡಗಿನಲ್ಲಿ ಈಜಿಪ್ಟ್, ಭಾರತ, ಪಾಕಿಸ್ತಾನ, ಶ್ರೀಲಂಕಾದ ಇಪ್ಪತ್ತೆರಡು ಮಂದಿ ಒತ್ತೆಯಾಗಿದ್ದರು. ಕರಾಚಿಯ ಮಾನವ ಹಕ್ಕು ಹೋರಾಟಗಾರ ಅನ್ಸಾರ್ ಬರ್ನಿ ದೇಣಿಗೆ ಎತ್ತಿ, ಮಾಲೀಕನ ಹಣಕ್ಕೆ ಸೇರಿಸಿ, 2011ರ ಜೂನ್‌ನಲ್ಲಿ ಎಲ್ಲರನ್ನೂ ಬಿಡಿಸಿದರು. ಪಾಕಿಸ್ತಾನದ ಜನ ಕೊಟ್ಟ ಹಣದಲ್ಲಿ ಆರು ಭಾರತೀಯರೂ ಮನೆಗೆ ಬಂದರು. ಯಾವ ದೇಶದವನು ಎಂದು ಬರ್ನಿ ಲೆಕ್ಕ ಹಾಕಲಿಲ್ಲ. ಹತ್ತು ಶತಮಾನದ ಹಿಂದೆ ಅಲೆಕ್ಸಾಂಡ್ರಿಯಾ ತನ್ನವರಿಗಾಗಿ ಮಾಡಿದ್ದನ್ನು ಅವರು ಪರರಿಗೂ ಮಾಡಿದರು.

ಇನ್ನೂ ಮುಗಿಯದ ಕೆಲಸ

ಕಡಲ್ಗಳ್ಳತನ ನಿಂತಿಲ್ಲ. 2020ರಲ್ಲಿ ಜಗತ್ತಿನಾದ್ಯಂತ ಅಪಹೃತರಾದ 135 ನಾವಿಕರಲ್ಲಿ 130 ಮಂದಿ ಸಿಕ್ಕಿಬಿದ್ದದ್ದು ಪಶ್ಚಿಮ ಆಫ್ರಿಕದ ಗಿನಿ ಕೊಲ್ಲಿಯಲ್ಲಿ. ಅಲ್ಲಿ ಹಡಗನ್ನು ಬಿಟ್ಟು ಮನುಷ್ಯರನ್ನಷ್ಟೇ ಎಳೆದೊಯ್ಯುತ್ತಾರೆ. 2024ರ ಮಾರ್ಚ್‌ನಲ್ಲಿ ಐಎನ್‌ಎಸ್ ಕೋಲ್ಕತ್ತಾ ‘ರುಯೆನ್’ ಹಡಗಿನ ಹದಿನೇಳು ಮಂದಿಯನ್ನು ಬಿಡಿಸಿ ಮೂವತ್ತೈದು ಕಳ್ಳರನ್ನು ಶರಣಾಗಿಸಿತು. ಅವರ ವಿಚಾರಣೆಗೆ 2022ರ ಕಡಲ್ಗಳ್ಳತನ ತಡೆ ಕಾಯ್ದೆ ನಮ್ಮ ಕೈಯಲ್ಲಿದೆ. ಕಳ್ಳನನ್ನು ಶಿಕ್ಷಿಸಲು ಕಾನೂನು ಬಂದಿದೆ. ಸೆರೆಯಾದವನ ಮನೆಯನ್ನು ಕಾಯುವ ಕಾನೂನು ಮಾತ್ರ ನಿಧಾನವಾಗಿ ಬರುತ್ತಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕಡಲ ಕಾರ್ಮಿಕ ಒಡಂಬಡಿಕೆಗೆ 2018ರಲ್ಲಿ ಆದ ತಿದ್ದುಪಡಿ 2020ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಕಡಲ್ಗಳ್ಳರ ಸೆರೆಯಲ್ಲಿರುವಷ್ಟು ಕಾಲವೂ ನಾವಿಕನ ಕೆಲಸದ ಒಪ್ಪಂದ ಮುಂದುವರಿಯಬೇಕು, ಸಂಬಳ ಮನೆಗೆ ಸೇರಬೇಕು ಎಂದು ಅದು ಹೇಳುತ್ತದೆ. ಮಾಲೀಕ ಕೈಬಿಟ್ಟರೆ ಊಟ, ಬಾಕಿ ಸಂಬಳ, ಊರಿಗೆ ಮರಳುವ ಖರ್ಚು ಕೊಡುವ ವಿಮೆಯ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕೆಂಬ ನಿಯಮ 2017ರಿಂದ ಇದೆ. ಮಂಗಳೂರು, ಉಡುಪಿ, ಕಾರವಾರದಿಂದ ಹಡಗಿಗೆ ಹೋಗುವ ಹುಡುಗರು ಆ ಪ್ರಮಾಣಪತ್ರ ಇದೆಯೇ ಎಂದು ಕೇಳಲೇಬೇಕು. ಕೆಲಸ ಕೊಡಿಸುವ ಏಜೆಂಟನಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇದೆಯೇ ಎಂದು ಮನೆಯವರು ಪರಿಶೀಲಿಸಬೇಕು. ಕಡಿಮೆ ದುಡ್ಡಿಗೆ ಕೆಲಸ ಕೊಡಿಸುವ, ವಿಮೆ ಇಲ್ಲದ ಹಳೆಯ ಹಡಗೇ ನಾಳೆಯ ‘ಐಸ್‌ಬರ್ಗ್’.

ಕಾನೂನಿನಾಚೆಗೆ ಇನ್ನೊಂದು ಬೇಡಿಕೆ ಉಳಿಯುತ್ತದೆ. ಮಾಲೀಕ ಯಾರೇ ಇರಲಿ, ಧ್ವಜ ಯಾವ ದೇಶದ್ದೇ ಇರಲಿ, ಒತ್ತೆಯಾದ ಭಾರತೀಯ ನಾವಿಕನ ಮನೆಗೆ ಮೊದಲ ತಿಂಗಳಿನಿಂದಲೇ ನೆರವು ಕೊಡುವ ಸಾರ್ವಜನಿಕ ನಿಧಿ ಬೇಕು. ಆ ಕುಟುಂಬದ ಜೊತೆ ಮಾತನಾಡುವ ಒಬ್ಬ ಅಧಿಕಾರಿ ಹೆಸರು ಹೇಳಿ ನೇಮಕವಾಗಬೇಕು. ಸೆರೆಯಾದವರಿಗೆಂದು ಹ್ಯಾಂಬರ್ಗ್ ನಾಲ್ಕು ಶತಮಾನದ ಹಿಂದೆಯೇ ನಿಧಿ ಕಟ್ಟಿತ್ತು. ಸೂಡಿಯ ಎಂಬತ್ತು ಒಕ್ಕಲು ಹೊಣೆಯನ್ನು ಹಂಚಿಕೊಂಡು ಬದುಕಿದ ಕಾಲ ಅದಕ್ಕೂ ಹಿಂದಿನದು. ಜಗತ್ತಿನ ಹಡಗುಗಳಿಗೆ ಇಷ್ಟು ಮಕ್ಕಳನ್ನು ಕಳಿಸುವ ದೇಶ, ಅವರನ್ನು ಮರಳಿ ಕರೆತರುವ ಹೊಣೆಯನ್ನು ಹಡಗಿನ ಮಾಲೀಕನ ಮನಸ್ಸಿಗೆ ಬಿಟ್ಟುಕೊಡಬಾರದು.